ಮನೆಯ ಉಪಗ್ರಹ ದೂರದರ್ಶನದಲ್ಲಿ ಸಂಕೇತ ಮತ್ತು ಚಿತ್ರದ ದೋಷಗಳು

ಮಾಳಿಗೆಯ ಮೇಲಿನ ಡಿಶ್ ಮೂಲಕ ಉಪಗ್ರಹದಿಂದ ನೇರವಾಗಿ ಮನೆಗೆ ಬರುವ ದೂರದರ್ಶನ ಪ್ರಸಾರವು ಕಡಿದುಹೋಗುವುದು, ಚಿತ್ರ ಚೌಕಚೌಕವಾಗಿ ಒಡೆಯುವುದು, ಕೆಲವು ವಾಹಿನಿಗಳು ಮಾತ್ರ ಕಾಣೆಯಾಗುವುದು ಮೊದಲಾದ ತೊಂದರೆಗಳನ್ನು ಒಟ್ಟಾಗಿ ಉಪಗ್ರಹ ದೂರದರ್ಶನದ ಸಂಕೇತ ಮತ್ತು ಚಿತ್ರದ ದೋಷಗಳು ಎಂದು ಕರೆಯಬಹುದು. ಇವುಗಳಲ್ಲಿ ಬಹುಪಾಲು ದೋಷಗಳಿಗೆ ಡಿಶ್‌ನ ದಿಕ್ಕು ಕಾರಣವಲ್ಲ. ಆದರೂ ಚಿತ್ರ ನಿಂತ ಕೂಡಲೇ ಡಿಶ್ ತಿರುಗಿಸುವ ರೂಢಿ ವ್ಯಾಪಕವಾಗಿದ್ದು, ಸಣ್ಣ ದೋಷವು ದೊಡ್ಡದಾಗಲು ಇದೇ ಕಾರಣವಾಗುತ್ತದೆ. ಉಪಗ್ರಹವು ಆಕಾಶದಲ್ಲಿ ಕಾಣುವ ಸ್ಥಾನವು ಊರಿನಿಂದ ಊರಿಗೆ ಬದಲಾಗುವುದರಿಂದ, ಈ ಲೇಖನದಲ್ಲಿ ಕೋನ ಮತ್ತು ಸಮಯಗಳನ್ನು ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪಟ್ಟಣಗಳಿಗೆ ಲೆಕ್ಕಹಾಕಿ ಕೊಡಲಾಗಿದೆ.

ಹಿನ್ನೆಲೆ

ಉಪಗ್ರಹದಿಂದ ನೇರವಾಗಿ ದೂರದರ್ಶನ ನೋಡುವುದು ಈ ಭಾಗದ ಜನರಿಗೆ ಇತ್ತೀಚಿನ ಸಂಗತಿಯೆಂದು ತೋರಬಹುದು. ಆದರೆ ನೆರೆಯ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಅದು 1975ರಲ್ಲಿಯೇ ನಡೆದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್–6 ಉಪಗ್ರಹವನ್ನು ಬಳಸಿ ‘ಸೈಟ್’ ಎಂಬ ಬೋಧನಾ ದೂರದರ್ಶನ ಪ್ರಯೋಗವನ್ನು ಕೈಗೊಂಡಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದರ ವ್ಯಾಪ್ತಿಯಲ್ಲಿದ್ದವು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳನ್ನು ಆರಿಸಿಕೊಳ್ಳಲಾಗಿತ್ತು. ಊರಿನ ಸಾರ್ವಜನಿಕ ಸ್ಥಳದಲ್ಲಿ ಇರಿಸಿದ ಒಂದೇ ದೂರದರ್ಶನಕ್ಕೆ, ಕೋಳಿಗೂಡಿನ ಬಲೆಯಂಥ ತಂತಿಯಿಂದ ಮಾಡಿದ ಸುಮಾರು 3 ಮೀಟರ್ ಅಗಲದ ಆಂಟೆನಾ ಜೋಡಿಸಲಾಗುತ್ತಿತ್ತು. ಪ್ರಸಾರವು 860 ಮೆಗಾಹರ್ಟ್ಸ್ ಆವರ್ತನದಲ್ಲಿ ಇದ್ದುದರಿಂದ ಆಂಟೆನಾ ದೊಡ್ಡದಾಗಿರಬೇಕಿತ್ತು. ಆದರೆ ಅದೇ ಕಾರಣಕ್ಕೆ ಮಳೆ ಅದನ್ನು ಬಾಧಿಸುತ್ತಿರಲಿಲ್ಲ.

ಇಂದಿನ ಮನೆಬಳಕೆಯ ಸೇವೆಗಳು ಅದಕ್ಕಿಂತ ಹನ್ನೆರಡು ಪಟ್ಟಿಗೂ ಹೆಚ್ಚಿನ ಆವರ್ತನದ ಕೆಯು ಬ್ಯಾಂಡ್‌ನಲ್ಲಿ ನಡೆಯುತ್ತವೆ. ದೂರದರ್ಶನ ಸಂಸ್ಥೆಯ ಉಚಿತ ಸೇವೆಯು 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭವಾಯಿತು. ಈಗ ಅದರ ಹೆಸರು ಡಿಡಿ ಫ್ರೀ ಡಿಶ್. ಕೆಯು ಬ್ಯಾಂಡ್‌ನಿಂದಾಗಿ 60 ಸೆಂಟಿಮೀಟರಿನ ಸಣ್ಣ ಡಿಶ್ ಸಾಕಾಗುತ್ತದೆ. ಮಳೆಯಲ್ಲಿ ಚಿತ್ರ ಹೋಗುವುದು ಈ ಅನುಕೂಲಕ್ಕೆ ತೆರಬೇಕಾದ ಬೆಲೆ.

ಸಂಕೇತದ ಹಾದಿ

ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿರುವ ಉಪಗ್ರಹದಿಂದ ಬರುವ ಅತಿ ಕ್ಷೀಣವಾದ ಅಲೆಗಳನ್ನು ಡಿಶ್ ಒಂದು ಬಿಂದುವಿಗೆ ಕೂಡಿಸುತ್ತದೆ. ಆ ಬಿಂದುವಿನಲ್ಲಿ, ತೋಳಿನ ತುದಿಯಲ್ಲಿ ಇರುವ ಸಾಧನವೇ ಎಲ್‌ಎನ್‌ಬಿ. ಅದು ಸಂಕೇತವನ್ನು ವರ್ಧಿಸಿ, ಕೇಬಲ್‌ನಲ್ಲಿ ಸಾಗಬಲ್ಲ 950ರಿಂದ 2150 ಮೆಗಾಹರ್ಟ್ಸ್ ಆವರ್ತನಕ್ಕೆ ಇಳಿಸುತ್ತದೆ. ಕೇಬಲ್ ಅದನ್ನು ಸೆಟ್ ಟಾಪ್ ಬಾಕ್ಸ್‌ಗೆ ತಲುಪಿಸುತ್ತದೆ. ಬಾಕ್ಸ್ ಅದನ್ನು ಬಿಡಿಸಿ ಚಿತ್ರವನ್ನಾಗಿ ಮಾಡಿ ಟಿ.ವಿ.ಗೆ ಕೊಡುತ್ತದೆ.

ಕೇಬಲ್‌ನಲ್ಲಿ ಸಂಕೇತ ಕೆಳಗಿಳಿಯುವುದಷ್ಟೇ ಅಲ್ಲ, ವಿದ್ಯುತ್ತು ಮೇಲೇರುತ್ತದೆ ಎಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ. ಎಲ್‌ಎನ್‌ಬಿಗೆ ಬೇಕಾದ ವಿದ್ಯುತ್ತನ್ನು ಬಾಕ್ಸ್ ಅದೇ ಕೇಬಲ್ ಮೂಲಕ ಕಳುಹಿಸುತ್ತದೆ: ಲಂಬ ಧ್ರುವೀಕರಣದ ವಾಹಿನಿಗಳಿಗೆ ಸುಮಾರು 13 ವೋಲ್ಟ್, ಅಡ್ಡ ಧ್ರುವೀಕರಣದ ವಾಹಿನಿಗಳಿಗೆ ಸುಮಾರು 18 ವೋಲ್ಟ್. ಆದುದರಿಂದ ಕೇಬಲ್ ಬಿಚ್ಚುವ ಅಥವಾ ಜೋಡಿಸುವ ಮುನ್ನ ಬಾಕ್ಸ್‌ನ ಪ್ಲಗ್ ಕಿತ್ತಿಡಬೇಕು. ಕೇಬಲ್ ತುದಿಯಲ್ಲಿ ಹೊರಗಿನ ಹೆಣಿಗೆಯ ಒಂದೇ ಒಂದು ಎಳೆ ನಡುವಿನ ತಾಮ್ರದ ತಂತಿಗೆ ತಗುಲಿದರೂ ಬಾಕ್ಸ್ ಹಾಳಾಗಬಹುದು.

ಎರಡು ಬಗೆಯ ‘ಸಿಗ್ನಲ್ ಇಲ್ಲ’

ದೋಷ ಹುಡುಕುವಾಗ ಮೊದಲು ತೀರ್ಮಾನಿಸಬೇಕಾದುದು ಪರದೆಯ ಮೇಲಿನ ಸಂದೇಶವು ಟಿ.ವಿ.ಯದೋ ಬಾಕ್ಸಿನದೋ ಎಂಬುದು. ರಿಮೋಟ್‌ನ ಮೆನು ಗುಂಡಿ ಒತ್ತಿದಾಗ ಬಾಕ್ಸಿನ ಪಟ್ಟಿ ಪರದೆಗೆ ಬಂದರೆ ಬಾಕ್ಸ್ ಮತ್ತು ಟಿ.ವಿ. ನಡುವಿನ ಸಂಪರ್ಕ ಸರಿಯಾಗಿದೆ. ದೋಷ ಮಾಳಿಗೆಯ ಕಡೆಗಿದೆ. ಮೆನು ಬಾರದೆ, ಟಿ.ವಿ. ತನ್ನದೇ ಅಕ್ಷರಗಳಲ್ಲಿ ಸಿಗ್ನಲ್ ಇಲ್ಲವೆಂದು ತೋರಿಸಿದರೆ ಡಿಶ್‌ಗೂ ಈ ದೋಷಕ್ಕೂ ಸಂಬಂಧವಿಲ್ಲ. ಟಿ.ವಿ.ಯ ಸೋರ್ಸ್ ಬದಲಾಗಿರಬಹುದು, ಎಚ್‌ಡಿಎಂಐ ತಂತಿ ಸಡಿಲವಾಗಿರಬಹುದು, ಬಾಕ್ಸ್‌ಗೆ ವಿದ್ಯುತ್ ಇಲ್ಲದಿರಬಹುದು ಅಥವಾ ಬಾಕ್ಸ್ ಹೆಪ್ಪುಗಟ್ಟಿದಂತೆ ನಿಂತಿರಬಹುದು. ರಿಮೋಟ್‌ನಲ್ಲಿ ಆರಿಸುವುದರಿಂದ ಬಾಕ್ಸ್ ಪೂರ್ತಿ ಆರುವುದಿಲ್ಲ. ಪ್ಲಗ್ ಕಿತ್ತು ಎರಡು ನಿಮಿಷ ಬಿಟ್ಟು ಮತ್ತೆ ಹಾಕಿದರೆ ಇಂಥ ಅನೇಕ ದೋಷಗಳು ಹೋಗುತ್ತವೆ.

ಹಳೆಯ ಟಿ.ವಿ.ಗಳಲ್ಲಿ ಹಳದಿ, ಬಿಳಿ, ಕೆಂಪು ಬಣ್ಣದ ಮೂರು ತಂತಿಗಳ ಜೋಡಣೆ ಇರುತ್ತದೆ. ಹಳದಿ ಚಿತ್ರಕ್ಕೆ, ಉಳಿದೆರಡು ಧ್ವನಿಗೆ. ಧ್ವನಿ ಬಂದು ಚಿತ್ರ ಬಾರದಿದ್ದರೆ ಹಳದಿ ಪಿನ್ ನೋಡಬೇಕು. ಚಿತ್ರ ಕಪ್ಪುಬಿಳುಪಾಗಿ ಉರುಳುತ್ತಿದ್ದರೆ ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಪಾಲ್ ಬದಲು ಎನ್‌ಟಿಎಸ್‌ಸಿ ಆಯ್ಕೆಯಾಗಿರುವ ಸಂಭವ ಹೆಚ್ಚು. ಮನುಷ್ಯರು ಅಗಲವಾಗಿ ಅಥವಾ ಸಣಕಲಾಗಿ ಕಾಣುವುದು ಪರದೆಯ ಪ್ರಮಾಣದ ಆಯ್ಕೆಯಿಂದ ಆಗುವಂಥದು, ದೋಷವಲ್ಲ. ವಿದ್ಯುತ್ ಏರಿಳಿತವಿರುವ ಕಡೆಗಳಲ್ಲಿ ಬಾಕ್ಸ್‌ನ ಅಡಾಪ್ಟರ್ ನಿಧಾನವಾಗಿ ದುರ್ಬಲವಾಗುತ್ತದೆ. ಕೆಲವು ವಾಹಿನಿಗಳಿಗೆ ಹೋದ ಕೂಡಲೇ ಬಾಕ್ಸ್ ತಾನಾಗಿ ಆರಿ ಹೊತ್ತಿಕೊಳ್ಳುತ್ತಿದ್ದರೆ, 18 ವೋಲ್ಟ್ ಒದಗಿಸುವ ಹೊರೆಯನ್ನು ಅಡಾಪ್ಟರ್ ತಾಳುತ್ತಿಲ್ಲವೆಂದು ಶಂಕಿಸಬಹುದು.

ಬಲ ಮತ್ತು ಗುಣಮಟ್ಟ

ಬಾಕ್ಸ್‌ನ ಸಿಗ್ನಲ್ ಪುಟದಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳಿರುತ್ತವೆ. ಮೊದಲನೆಯದು ಸಿಗ್ನಲ್‌ನ ಬಲ, ಎರಡನೆಯದು ಗುಣಮಟ್ಟ. ಬಲದ ಪಟ್ಟಿಯು ಕೇಬಲ್‌ನಿಂದ ಏನಾದರೊಂದು ಬರುತ್ತಿದೆ ಎಂದಷ್ಟೇ ಹೇಳುತ್ತದೆ. ಎಲ್‌ಎನ್‌ಬಿಯ ಸ್ವಂತ ಗದ್ದಲವೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ಬಂದುದರಲ್ಲಿ ಬಾಕ್ಸ್‌ಗೆ ಅರ್ಥವಾಗುವ ಸಂಕೇತ ಎಷ್ಟಿದೆ ಎಂಬುದನ್ನು ತೋರಿಸುವುದು ಗುಣಮಟ್ಟದ ಪಟ್ಟಿ.

ಬಲವೂ ಶೂನ್ಯ, ಗುಣಮಟ್ಟವೂ ಶೂನ್ಯವಾಗಿದ್ದರೆ ಕೇಬಲ್ ತುಂಡಾಗಿದೆ, ಕನೆಕ್ಟರ್ ಕಳಚಿದೆ ಅಥವಾ ಎಲ್‌ಎನ್‌ಬಿ ಸತ್ತಿದೆ. ಆಗ ಡಿಶ್ ಎಷ್ಟು ತಿರುಗಿಸಿದರೂ ಫಲವಿಲ್ಲ. ಬಲ ಚೆನ್ನಾಗಿದ್ದು ಗುಣಮಟ್ಟ ಮಾತ್ರ ಶೂನ್ಯವಾಗಿದ್ದರೆ ಡಿಶ್ ದಿಕ್ಕು ತಪ್ಪಿದೆ, ಎದುರಿಗೆ ಏನೋ ಅಡ್ಡ ಬಂದಿದೆ ಅಥವಾ ಡಿಶ್ ಬೇರೊಂದು ಉಪಗ್ರಹವನ್ನು ನೋಡುತ್ತಿದೆ. ಎರಡೂ ಚೆನ್ನಾಗಿದ್ದು ವಾಹಿನಿ ಕಾಣದಿದ್ದರೆ ಕಾರಣವು ಚಂದಾ ಅಥವಾ ಬಾಕ್ಸ್‌ಗೆ ಸಂಬಂಧಿಸಿದ್ದು. ಎಲ್ಲವೂ ಸರಿಯಿರುವ ದಿನವೊಂದರಲ್ಲಿ ಈ ಎರಡು ಅಂಕಿಗಳನ್ನು ಬರೆದಿಟ್ಟುಕೊಂಡರೆ ಮುಂದೆ ಹೋಲಿಸಿ ನೋಡಲು ಆಧಾರ ಸಿಗುತ್ತದೆ. ಒಂದು ಬಾಕ್ಸ್‌ನ ಅಂಕಿಯನ್ನು ಇನ್ನೊಂದು ಮಾದರಿಯ ಬಾಕ್ಸ್‌ನದಕ್ಕೆ ಹೋಲಿಸುವುದು ಮಾತ್ರ ಸಲ್ಲದು.

ಹಳೆಯ ಅನಲಾಗ್ ಪ್ರಸಾರದಲ್ಲಿ ಸಂಕೇತ ಕುಗ್ಗಿದಂತೆ ಪರದೆಯ ಮೇಲೆ ಚುಕ್ಕಿಗಳು ನಿಧಾನವಾಗಿ ಹೆಚ್ಚುತ್ತಿದ್ದವು. ಡಿಜಿಟಲ್ ಪ್ರಸಾರದಲ್ಲಿ ಹಾಗಾಗುವುದಿಲ್ಲ. ಬಾಕ್ಸ್ ಒಂದು ಮಿತಿಯವರೆಗೆ ತಪ್ಪುಗಳನ್ನು ತಿದ್ದಿಕೊಂಡು ಶುದ್ಧ ಚಿತ್ರವನ್ನೇ ತೋರಿಸುತ್ತದೆ. ಆ ಮಿತಿ ದಾಟುತ್ತಿದ್ದಂತೆ ಚಿತ್ರ ಚೌಕಗಳಾಗಿ ಒಡೆದು, ಧ್ವನಿ ಕಿಚಕಿಚ ಎಂದು, ಕೂಡಲೇ ನಿಂತುಹೋಗುತ್ತದೆ. ಆದ್ದರಿಂದ ನಿನ್ನೆಯವರೆಗೆ ಚಿತ್ರ ಸ್ಪಷ್ಟವಾಗಿತ್ತು ಎಂಬುದು ನಿನ್ನೆ ಡಿಶ್ ಸರಿಯಾಗಿತ್ತು ಎಂಬುದಕ್ಕೆ ಪುರಾವೆಯಾಗದು.

ಬಸವಕಲ್ಯಾಣ–ಹುಮನಾಬಾದ್‌ನಿಂದ ಉಪಗ್ರಹಗಳ ದಿಕ್ಕು

ಎರಡೂ ಪಟ್ಟಣಗಳು ಸುಮಾರು 17.8 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 77 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲಿವೆ. ಇವುಗಳ ನಡುವಿನ ದೂರದಿಂದ ಡಿಶ್‌ನ ಕೋನದಲ್ಲಿ ಆಗುವ ವ್ಯತ್ಯಾಸ ಅರ್ಧ ಡಿಗ್ರಿಗಿಂತಲೂ ಕಡಿಮೆಯಾದುದರಿಂದ ಎರಡಕ್ಕೂ ಒಂದೇ ಲೆಕ್ಕ ಸಾಕು.

ಭಾರತದ ಸೇವೆಗಳು ಬಳಸುವ ಪ್ರಮುಖ ಉಪಗ್ರಹಗಳು 77 ಡಿಗ್ರಿಗಿಂತ ಪೂರ್ವದಲ್ಲಿರುವುದರಿಂದ ಇಲ್ಲಿಂದ ಅವೆಲ್ಲವೂ ದಕ್ಷಿಣ ಮತ್ತು ಪೂರ್ವದ ನಡುವೆ, ಬಹಳ ಎತ್ತರದಲ್ಲಿ ಇರುತ್ತವೆ. ಡಿಡಿ ಫ್ರೀ ಡಿಶ್ ಪ್ರಸಾರವಾಗುವ ಜಿಸ್ಯಾಟ್–15 ಉಪಗ್ರಹದ ಸ್ಥಾನ 93.5 ಡಿಗ್ರಿ ಪೂರ್ವ. ಇಲ್ಲಿಂದ ಅದು ಉತ್ತರದಿಂದ ಪ್ರದಕ್ಷಿಣವಾಗಿ 136 ಡಿಗ್ರಿಯಲ್ಲಿ, ಅಂದರೆ ಬಹುತೇಕ ನೇರ ಆಗ್ನೇಯದಲ್ಲಿ, ದಿಗಂತದಿಂದ 62 ಡಿಗ್ರಿ ಮೇಲಿದೆ. ಸನ್ ಡೈರೆಕ್ಟ್ ಕೂಡ ಇದೇ ಸ್ಥಾನವನ್ನು ಬಳಸುತ್ತದೆ. ಟಾಟಾ ಪ್ಲೇ ಬಳಸುವ 83 ಡಿಗ್ರಿಯ ಉಪಗ್ರಹಗಳು ದಕ್ಷಿಣಕ್ಕೆ ಹತ್ತಿರವಾಗಿ 161 ಡಿಗ್ರಿಯಲ್ಲಿ, 68 ಡಿಗ್ರಿ ಎತ್ತರದಲ್ಲಿವೆ. ಡಿ2ಎಚ್‌ನ 88 ಡಿಗ್ರಿಯ ಸ್ಥಾನಕ್ಕೆ ದಿಕ್ಕು ಸುಮಾರು 147, ಎತ್ತರ 66. ಡಿಶ್ ಟಿವಿಯ 95 ಡಿಗ್ರಿಯ ಸ್ಥಾನಕ್ಕೆ 133 ಮತ್ತು 61. ಏರ್‌ಟೆಲ್ ಬಳಸುವ 108.2 ಡಿಗ್ರಿಯ ಉಪಗ್ರಹ ಮಾತ್ರ ಪೂರ್ವದ ಕಡೆಗೆ ಹೆಚ್ಚು ಸರಿದು 117 ಡಿಗ್ರಿಯಲ್ಲಿ, 49 ಡಿಗ್ರಿ ಎತ್ತರದಲ್ಲಿದೆ.

ಉತ್ತರ ಭಾರತದಲ್ಲಿ ಸಿದ್ಧವಾದ ಹಿಂದಿ ವೀಡಿಯೊಗಳನ್ನು ನೋಡಿ ಡಿಶ್ ಹೊಂದಿಸುವವರು ಈ ಭಾಗದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಅದೇ ಜಿಸ್ಯಾಟ್–15 ದೆಹಲಿಯಿಂದ ಸುಮಾರು 149 ಡಿಗ್ರಿ ದಿಕ್ಕಿನಲ್ಲಿ, 52 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಅಲ್ಲಿನ ಅಳತೆಯನ್ನು ಹುಮನಾಬಾದಿನ ಮಾಳಿಗೆಯಲ್ಲಿ ಅನುಸರಿಸಿದರೆ ಎತ್ತರದಲ್ಲಿ 10 ಡಿಗ್ರಿ, ದಿಕ್ಕಿನಲ್ಲಿ 13 ಡಿಗ್ರಿ ತಪ್ಪುತ್ತದೆ. 60 ಸೆಂಟಿಮೀಟರಿನ ಡಿಶ್‌ನ ನೋಟದ ಅಗಲ ಒಟ್ಟು 3 ಡಿಗ್ರಿಯಷ್ಟೇ.

ಮನೆಬಳಕೆಯ ಡಿಶ್‌ನಲ್ಲಿ ಎಲ್‌ಎನ್‌ಬಿಯು ನಡುವೆ ಇರದೆ ಕೆಳಗೆ ಇರುತ್ತದೆ. ಇಂಥ ಡಿಶ್‌ನ ಮುಖವು ತಾನು ಗ್ರಹಿಸುವ ದಿಕ್ಕಿಗಿಂತ ಸಾಮಾನ್ಯವಾಗಿ 22ರಿಂದ 25 ಡಿಗ್ರಿ ಕೆಳಗೆ ತಿರುಗಿರುತ್ತದೆ. 62 ಡಿಗ್ರಿ ಎತ್ತರದ ಉಪಗ್ರಹಕ್ಕೆ ಹೊಂದಿಸಿದ ಡಿಶ್ ನೋಡುವವರ ಕಣ್ಣಿಗೆ 40 ಡಿಗ್ರಿಗಿಂತ ಕೆಳಗೆ ಮುಖ ಮಾಡಿದಂತೆ ತೋರುವುದು ಈ ಕಾರಣಕ್ಕೆ.

ಅಡೆತಡೆಗಳು

ಉಪಗ್ರಹಗಳು ಇಷ್ಟು ಎತ್ತರದಲ್ಲಿರುವುದು ಇಲ್ಲಿನವರ ಅದೃಷ್ಟವೇ ಸರಿ. 62 ಡಿಗ್ರಿಯ ದೃಷ್ಟಿರೇಖೆಯು ಪ್ರತಿ ಒಂದು ಮೀಟರ್ ದೂರಕ್ಕೆ ಸುಮಾರು 1.9 ಮೀಟರ್ ಏರುತ್ತದೆ. ಡಿಶ್‌ನಿಂದ 5 ಮೀಟರ್ ಆಚೆಯ ಬೇವಿನ ಮರವು ಡಿಶ್‌ಗಿಂತ 9 ಮೀಟರಿಗೂ ಹೆಚ್ಚು ಎತ್ತರವಿದ್ದರೆ ಮಾತ್ರ ಅಡ್ಡ ಬರುತ್ತದೆ. ಏರ್‌ಟೆಲ್‌ನ ಉಪಗ್ರಹಕ್ಕಾದರೆ ಅದೇ ಮರ 6 ಮೀಟರ್ ಎತ್ತರವಿದ್ದರೂ ಸಾಕು. ಆದ್ದರಿಂದ ದೂರದ ಕಟ್ಟಡ, ಮೊಬೈಲ್ ಗೋಪುರಗಳನ್ನು ದೂರುವ ಬದಲು ತೀರ ಹತ್ತಿರದ ವಸ್ತುಗಳನ್ನು ನೋಡಬೇಕು: ಹೊಸದಾಗಿ ಇರಿಸಿದ ನೀರಿನ ಟ್ಯಾಂಕ್, ಸೋಲಾರ್ ಹೀಟರ್, ಒಣಹಾಕಿದ ಕಂಬಳಿ, ಪಕ್ಕದ ಮನೆಯ ಮೇಲೆ ಎದ್ದ ಇನ್ನೊಂದು ಮಹಡಿ. ಮರದ ತೊಂದರೆ ಋತುವಿಗನುಸಾರ ಬಂದುಹೋಗುತ್ತದೆ. ಎಲೆ ಉದುರಿದಾಗ ಚಿತ್ರ ಸರಿಯಾಗಿ, ಚಿಗುರಿದಾಗ ಕೆಡುತ್ತದೆ. ನೀರುಂಡ ಎಲೆಗಳು ಒಣ ಎಲೆಗಳಿಗಿಂತ ಹೆಚ್ಚು ತಡೆಯೊಡ್ಡುತ್ತವೆ.

ಸೂರ್ಯನ ಅಡ್ಡಿ

ವರ್ಷಕ್ಕೆ ಎರಡು ಬಾರಿ, ಕೆಲವು ದಿನಗಳ ಮಟ್ಟಿಗೆ, ಸೂರ್ಯನು ಉಪಗ್ರಹದ ನೇರ ಹಿಂದೆ ಬರುತ್ತಾನೆ. ಸೂರ್ಯನ ರೇಡಿಯೊ ಗದ್ದಲದಲ್ಲಿ ಉಪಗ್ರಹದ ಸಂಕೇತ ಮುಳುಗಿ, ಶುಭ್ರ ಆಕಾಶವಿರುವಾಗಲೇ ಚಿತ್ರ ಕೆಲವು ನಿಮಿಷ ಒಡೆಯುತ್ತದೆ ಅಥವಾ ನಿಲ್ಲುತ್ತದೆ. ಬಸವಕಲ್ಯಾಣ ಮತ್ತು ಹುಮನಾಬಾದ್‌ನಲ್ಲಿ 93.5 ಡಿಗ್ರಿಯ ಉಪಗ್ರಹಕ್ಕೆ ಇದು ಮಾರ್ಚ್ ತಿಂಗಳ ಎರಡನೆಯ ವಾರದ ಸುಮಾರಿಗೂ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲೂ, ಬೆಳಿಗ್ಗೆ 11 ಗಂಟೆಯ ಆಸುಪಾಸಿನಲ್ಲಿ ಸಂಭವಿಸುತ್ತದೆ. 83 ಡಿಗ್ರಿಯ ಉಪಗ್ರಹಕ್ಕೆ ಸಮಯವು ಮಧ್ಯಾಹ್ನ 12ರ ಹತ್ತಿರಕ್ಕೆ ಸರಿಯುತ್ತದೆ. ಇದಕ್ಕೆ ದುರಸ್ತಿಯೆಂಬುದಿಲ್ಲ, ಅಗತ್ಯವೂ ಇಲ್ಲ.

ಇದರಿಂದ ಒಂದು ಉಪಯೋಗವೂ ಇದೆ. ಆ ದಿನಗಳಲ್ಲಿ ಆ ಹೊತ್ತಿಗೆ ಸೂರ್ಯನಿರುವ ಜಾಗವೇ ಉಪಗ್ರಹದ ಜಾಗ. ಆಗ ಡಿಶ್ ಮೇಲೆ ಮರದ್ದೋ ಟ್ಯಾಂಕಿನದೋ ನೆರಳು ಬಿದ್ದಿದ್ದರೆ ಅದೇ ವಸ್ತುವು ಸಂಕೇತವನ್ನೂ ತಡೆಯುತ್ತಿದೆ ಎಂದು ನಿಶ್ಚಯವಾಗಿ ಹೇಳಬಹುದು. ಯಾವ ಉಪಕರಣವೂ ಬೇಡದ ಪರೀಕ್ಷೆಯಿದು. ಸೂರ್ಯನನ್ನು ಬರಿಗಣ್ಣಿನಿಂದ ನೋಡದೆ ನೆರಳನ್ನಷ್ಟೇ ಗಮನಿಸಬೇಕು.

ಮಳೆ

ಕೆಯು ಬ್ಯಾಂಡ್‌ನ ಅಲೆಯುದ್ದ ಸುಮಾರು ಎರಡೂವರೆ ಸೆಂಟಿಮೀಟರ್. ದೊಡ್ಡ ಮಳೆಹನಿಗಳು ಇಂಥ ಅಲೆಗಳನ್ನು ಹೀರುತ್ತವೆ, ಚದುರಿಸುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನ ಜಿಟಿಜಿಟಿ ಮಳೆಯಲ್ಲಿ ಚಿತ್ರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಏಪ್ರಿಲ್–ಮೇ ತಿಂಗಳ ಗುಡುಗುಸಹಿತ ಅಡ್ಡಮಳೆ ಒಮ್ಮೆಲೇ ಸುರಿಯುವಾಗ ನಿಲ್ಲುತ್ತದೆ. ಉಪಗ್ರಹ ಕೆಳಗಿದ್ದಷ್ಟೂ ಸಂಕೇತವು ಮಳೆಯೊಳಗೆ ಹೆಚ್ಚು ದೂರ ಸಾಗಬೇಕಾಗುತ್ತದೆ. ಇಲ್ಲಿಂದ 108.2 ಡಿಗ್ರಿಯ ಉಪಗ್ರಹದ ಹಾದಿಯು 83 ಡಿಗ್ರಿಯದಕ್ಕಿಂತ ಸುಮಾರು ಕಾಲುಭಾಗದಷ್ಟು ಉದ್ದ. ಉಪಗ್ರಹದ ಪ್ರಸಾರಶಕ್ತಿಯೂ ಇದರಲ್ಲಿ ಪಾತ್ರ ವಹಿಸುವುದರಿಂದ, ಹಾದಿಯ ಉದ್ದವೊಂದರಿಂದಲೇ ಸೇವೆಗಳ ಗುಣವನ್ನು ತೀರ್ಮಾನಿಸಲಾಗದು.

ಮಳೆ ನಿಂತ ಕೆಲವೇ ನಿಮಿಷಗಳಲ್ಲಿ ಚಿತ್ರ ತಾನಾಗಿ ಮರಳಿದರೆ ಅದು ಮಳೆಯ ಸಹಜ ಪರಿಣಾಮ. ಆ ಹೊತ್ತಿನಲ್ಲಿ ಡಿಶ್ ಮುಟ್ಟಿದವರು, ಮೋಡ ಸರಿದ ಮೇಲೆ ತಾವೇ ಕೆಡಿಸಿದ ದಿಕ್ಕನ್ನು ಹುಡುಕುತ್ತ ಕೂರಬೇಕಾಗುತ್ತದೆ. ಸಣ್ಣ ಮಳೆಗೇ ಪದೇ ಪದೇ ಚಿತ್ರ ಹೋಗುತ್ತಿದ್ದರೆ ಮಾತ್ರ ಡಿಶ್ ಮೊದಲೇ ಅಂಚಿನಲ್ಲಿ ಹೊಂದಿಕೊಂಡಿದೆ ಎಂದರ್ಥ. 60ರ ಬದಲು 90 ಸೆಂಟಿಮೀಟರಿನ ಡಿಶ್ ಹಾಕಿದರೆ ಸುಮಾರು 3.5 ಡೆಸಿಬಲ್, ಅಂದರೆ ಎರಡು ಪಟ್ಟಿಗೂ ಹೆಚ್ಚು ಸಂಕೇತ ದೊರೆಯುತ್ತದೆ. ಆದರೆ ದೊಡ್ಡ ಡಿಶ್‌ಗೆ ಗಾಳಿಯ ಒತ್ತಡ ಹೆಚ್ಚು, ನೋಟದ ಅಗಲ ಕಡಿಮೆ. ಅದನ್ನು ಇನ್ನೂ ಬಿಗಿಯಾಗಿ ನಿಲ್ಲಿಸಬೇಕು.

ಕೇಬಲ್, ಕನೆಕ್ಟರ್ ಮತ್ತು ಎಲ್‌ಎನ್‌ಬಿ

ಮಳೆ ನಿಂತು ಬಿಸಿಲು ಬಂದ ಮೇಲೂ ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ಚಿತ್ರ ಸರಿಹೋಗದಿದ್ದರೆ ಕೇಬಲ್‌ಗೆ ನೀರು ಸೇರಿರುತ್ತದೆ. ಎಲ್‌ಎನ್‌ಬಿಯ ಬಳಿಯ ಕನೆಕ್ಟರ್ ಇದರ ಸಾಮಾನ್ಯ ದಾರಿ. ಕನೆಕ್ಟರ್ ಬಿಚ್ಚಿದಾಗ ತಾಮ್ರದ ಮೇಲೆ ಹಸಿರು ಪದರ, ಹೆಣಿಗೆಯಲ್ಲಿ ಕಪ್ಪು ಬಣ್ಣ ಕಂಡರೆ ಅಷ್ಟು ಭಾಗವನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಬೇಕು. ಒರೆಸಿ ಮತ್ತೆ ಜೋಡಿಸುವುದು ಮುಂದಿನ ಮಳೆಯವರೆಗಿನ ಉಪಾಯ. ಎಲ್‌ಎನ್‌ಬಿಯಿಂದ ಇಳಿಯುವ ಕೇಬಲ್‌ಗೆ ಕೆಳಮುಖವಾದ ಒಂದು ಬಳುಕು ಬಿಟ್ಟರೆ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ, ಮನೆಯೊಳಗೆ ಹರಿದು ಬರುವುದಿಲ್ಲ.

75 ಓಮ್‌ನ ಆರ್‌ಜಿ–6 ಕೇಬಲ್ ಈ ಕೆಲಸಕ್ಕೆ ತಕ್ಕುದು. ಒಳ್ಳೆಯ ಕೇಬಲ್‌ನಲ್ಲಿಯೂ 1000 ಮೆಗಾಹರ್ಟ್ಸ್‌ನಲ್ಲಿ 100 ಮೀಟರಿಗೆ ಸುಮಾರು 20 ಡೆಸಿಬಲ್ ನಷ್ಟವಿದ್ದು, ಆವರ್ತನ ಏರಿದಂತೆ ನಷ್ಟವೂ ಏರುತ್ತದೆ. ನಡುನಡುವೆ ಗಂಟು ಹಾಕಿ ಟೇಪ್ ಸುತ್ತಿದ ಜೋಡಣೆಗಳು ಕೇಬಲ್‌ನ ಉದ್ದಕ್ಕಿಂತ ಹೆಚ್ಚು ಹಾನಿ ಮಾಡುತ್ತವೆ. ಬಿಸಿಲಿಗೆ ಸಿಪ್ಪೆ ಬಿರಿಯುವುದು, ಇಲಿ ಕಡಿಯುವುದು, ಮಂಗಗಳು ಎಳೆಯುವುದು ಸಹ ಗಮನಿಸಬೇಕಾದ ಕಾರಣಗಳು.

ವಾಹಿನಿಗಳಲ್ಲಿ ಒಂದು ಗುಂಪು ಮಾತ್ರ ಕಾಣೆಯಾಗಿದ್ದರೆ ಅದೊಂದು ಸ್ಪಷ್ಟ ಸುಳಿವು. ಅಡ್ಡ ಧ್ರುವೀಕರಣದ ವಾಹಿನಿಗಳಷ್ಟೇ ಹೋಗಿದ್ದರೆ 18 ವೋಲ್ಟ್ ಎಲ್‌ಎನ್‌ಬಿಯವರೆಗೆ ತಲುಪುತ್ತಿಲ್ಲ ಅಥವಾ ಎಲ್‌ಎನ್‌ಬಿಯ ಆ ಭಾಗ ಕೆಟ್ಟಿದೆ. ಡಿಶ್ ಸ್ವಲ್ಪ ಸರಿದರೂ ಪ್ರಸಾರಶಕ್ತಿ ಕಡಿಮೆಯಿರುವ ವಾಹಿನಿಗಳು ಮೊದಲು ಹೋಗುವುದುಂಟು. ಹೋದ ವಾಹಿನಿಗಳೆಲ್ಲ ಒಂದೇ ಧ್ರುವೀಕರಣದವೇ ಎಂದು ನೋಡಿದರೆ ಎರಡರ ವ್ಯತ್ಯಾಸ ತಿಳಿಯುತ್ತದೆ. ಎಲ್‌ಎನ್‌ಬಿಯ ಮುಖದ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬಿರುಕುಬಿಟ್ಟು ನೀರು ಸೇರುವುದು, ಅದರ ಮೇಲೆ ಕಣಜಗಳು ಮಣ್ಣಿನ ಗೂಡು ಕಟ್ಟುವುದು ಸಾಮಾನ್ಯ. ಎಲ್‌ಎನ್‌ಬಿಯನ್ನು ಬಿಚ್ಚುವ ಮೊದಲು ಅದು ಎಷ್ಟು ಓರೆಯಾಗಿ ತಿರುಗಿತ್ತೆಂದು ಗುರುತು ಹಾಕಿಕೊಳ್ಳಬೇಕು, ಏಕೆಂದರೆ ಆ ಓರೆಯೂ ಹೊಂದಾಣಿಕೆಯ ಭಾಗವಾಗಿದೆ.

ದೋಷವಲ್ಲದ ಕಾಣೆ

ಗಡಿಭಾಗದ ಈ ತಾಲ್ಲೂಕುಗಳ ಮನೆಗಳಲ್ಲಿ ಕನ್ನಡದ ಜೊತೆಗೆ ಮರಾಠಿ, ಹಿಂದಿ, ಉರ್ದು, ತೆಲುಗು ವಾಹಿನಿಗಳನ್ನೂ ನೋಡುವವರಿದ್ದಾರೆ. ಪಾವತಿ ಸೇವೆಗಳಲ್ಲಿ ಪ್ಯಾಕ್‌ಗಳು ಭಾಷೆಗೆ ಅನುಗುಣವಾಗಿ ಬೇರೆ ಬೇರೆಯಾಗಿರುತ್ತವೆ. ಪ್ಯಾಕ್ ಬದಲಾದಾಗ ಒಂದು ಭಾಷೆಯ ವಾಹಿನಿಗಳೆಲ್ಲ ಒಟ್ಟಿಗೆ ಹೋಗಿ, ಉಳಿದವು ಸರಿಯಿದ್ದರೆ ಸಂದೇಹಪಡಬೇಕಾದುದು ಚಂದಾದಾರಿಕೆಯನ್ನೇ. ಹಣ ಪಾವತಿಸಿದ ಮೇಲೆ ಅನುಮತಿಯ ಆದೇಶವೂ ಉಪಗ್ರಹದ ಮೂಲಕವೇ ಬಾಕ್ಸ್‌ಗೆ ಬರುತ್ತದೆ. ಆದುದರಿಂದ ಆಗ ಬಾಕ್ಸ್ ಹೊತ್ತಿರಬೇಕು, ಸಿಗ್ನಲ್ ಇರಬೇಕು. ಸಿಗ್ನಲ್ ಇಲ್ಲದ ಬಾಕ್ಸ್‌ಗೆ ಎಷ್ಟು ಬಾರಿ ರೀಚಾರ್ಜ್ ಮಾಡಿದರೂ ಚಿತ್ರ ಬಾರದು.

ಡಿಡಿ ಫ್ರೀ ಡಿಶ್‌ನಲ್ಲಿ ಚಂದಾ ಇಲ್ಲದಿದ್ದರೂ ಖಾಸಗಿ ವಾಹಿನಿಗಳ ಸ್ಥಾನಗಳು ಇ–ಹರಾಜಿನ ಮೂಲಕ ಹಂಚಿಕೆಯಾಗುತ್ತವೆ. ಅವಧಿ ಮುಗಿದಾಗ ವಾಹಿನಿಗಳು ಬಂದುಹೋಗುತ್ತವೆ. 2019ರ ಮಾರ್ಚ್‌ನಲ್ಲಿ ಹಲವು ಜನಪ್ರಿಯ ಹಿಂದಿ ಮನರಂಜನಾ ವಾಹಿನಿಗಳು ಹೀಗೆ ಹೊರಬಿದ್ದಿದ್ದವು. ಇಂಥ ಬದಲಾವಣೆಯ ನಂತರ ಬಾಕ್ಸ್‌ನಲ್ಲಿ ವಾಹಿನಿಗಳನ್ನು ಹೊಸದಾಗಿ ಹುಡುಕಿಸಬೇಕು. ಕೆಲವು ವಾಹಿನಿಗಳು ಎಂಪೆಗ್–4 ಪದ್ಧತಿಯಲ್ಲಿ ಇರುವುದರಿಂದ, ಎಂಪೆಗ್–2 ಮಾತ್ರ ಬಿಡಿಸಬಲ್ಲ ಹಳೆಯ ಬಾಕ್ಸ್‌ಗಳಲ್ಲಿ ಅವು ಕಾಣುವುದಿಲ್ಲ.

ಡಿಶ್‌ನ ಮರುಹೊಂದಾಣಿಕೆ

ಮೇಲಿನ ಕಾರಣಗಳೆಲ್ಲ ಇಲ್ಲವೆಂದು ಖಚಿತವಾದ ಮೇಲೆ, ಬಿರುಗಾಳಿ ಅಥವಾ ಮಾಳಿಗೆಯ ಕೆಲಸದಿಂದ ಡಿಶ್ ಅಲುಗಾಡಿರುವ ಸಾಧ್ಯತೆಯಿದ್ದರೆ ಮಾತ್ರ ದಿಕ್ಕನ್ನು ತಿದ್ದಬೇಕು. ಮೊದಲು ಕಂಬ ನೆಟ್ಟಗಿದೆಯೇ ಎಂದು ತೂಗುಗುಂಡಿನಿಂದ ನೋಡಬೇಕು; ಕಂಬ ವಾಲಿದ್ದರೆ ಅಳತೆಗಳೆಲ್ಲವೂ ಸುಳ್ಳಾಗುತ್ತವೆ. ಈಗಿನ ಸ್ಥಾನವನ್ನು ಪೆನ್ನಿನಿಂದ ಗುರುತಿಸಿ, ಬೋಲ್ಟ್‌ಗಳನ್ನು ಅರೆ ಸಡಿಲಿಸಿ, ಕೂದಲೆಳೆಯಷ್ಟು ಸರಿಸುತ್ತ ಹೋಗಬೇಕು. 60 ಸೆಂಟಿಮೀಟರಿನ ಡಿಶ್‌ನ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ಒಂದು ಡಿಗ್ರಿ ಬದಲಾಗುತ್ತದೆ. ಪ್ರತಿ ಬಾರಿ ಸರಿಸಿದ ಮೇಲೆ ಬಾಕ್ಸ್ ಗುಣಮಟ್ಟವನ್ನು ಲೆಕ್ಕಹಾಕಲು ಕೆಲವು ಕ್ಷಣ ಕಾಯಬೇಕು. ಕೆಳಗೆ ಟಿ.ವಿ. ನೋಡುವವರೊಬ್ಬರು, ಮೇಲೆ ತಿರುಗಿಸುವವರೊಬ್ಬರು ಇದ್ದು, ಫೋನ್‌ನಲ್ಲಿ ಅಂಕಿ ಹೇಳುತ್ತಿದ್ದರೆ ಕೆಲಸ ಸುಲಭ. ಕಬ್ಬಿಣದ ಕಂಬದ ಬಳಿ ಫೋನ್‌ನ ದಿಕ್ಸೂಚಿ ತಪ್ಪು ತೋರಿಸುವುದರಿಂದ ಸ್ವಲ್ಪ ದೂರ ನಿಂತು ದಿಕ್ಕನ್ನು ನೋಡಿಕೊಳ್ಳಬೇಕು.

93.5 ಮತ್ತು 95 ಡಿಗ್ರಿಯ ಉಪಗ್ರಹಗಳ ನಡುವೆ ಒಂದೂವರೆ ಡಿಗ್ರಿಯಷ್ಟೇ ಅಂತರವಿರುವುದರಿಂದ ಒಂದರ ಬದಲು ಇನ್ನೊಂದಕ್ಕೆ ಡಿಶ್ ನಿಲ್ಲುವುದು ಸುಲಭ. ಬಲ ತುಂಬಿದ್ದೂ ಗುಣಮಟ್ಟ ಏರದಿದ್ದರೆ ಇದನ್ನು ಶಂಕಿಸಬೇಕು.

ಒದ್ದೆಯಾದ ಅಥವಾ ಮೋಟುಗೋಡೆಯಿಲ್ಲದ ಮಾಳಿಗೆಯ ಅಂಚಿನಲ್ಲಿ, ಗುಡುಗು ಕೇಳಿಸುತ್ತಿರುವಾಗ, ರಾತ್ರಿ ವೇಳೆ ಈ ಕೆಲಸಕ್ಕೆ ಇಳಿಯಬಾರದು. ವಿದ್ಯುತ್ ತಂತಿಗಳು ಮನೆಯ ಪಕ್ಕದಲ್ಲಿಯೇ ಹಾದುಹೋಗುವ ಓಣಿಗಳಲ್ಲಿ ಕಬ್ಬಿಣದ ಕಂಬವನ್ನು ಎತ್ತಿ ನಿಲ್ಲಿಸುವುದು ಪ್ರಾಣಾಪಾಯಕರ. ಗುಡುಗು ಆರಂಭವಾಗುವ ಮೊದಲೇ ಬಾಕ್ಸ್‌ನ ಪ್ಲಗ್ ಮತ್ತು ಡಿಶ್ ಕೇಬಲ್ ಎರಡನ್ನೂ ಕಳಚಿಡುವುದು ಉತ್ತಮ. ಆರಂಭವಾದ ಮೇಲೆ ಕೇಬಲ್ ಮುಟ್ಟಬಾರದು.

ಮನೆಯ ಹೊರಗಿನ ದೋಷಗಳು

ಅಕ್ಕಪಕ್ಕದ ಮನೆಗಳಲ್ಲಿ ಅದೇ ಸೇವೆಯ ಚಿತ್ರ ಒಂದೇ ಹೊತ್ತಿಗೆ ಹೋಗಿದ್ದರೆ ಮಾಳಿಗೆ ಹತ್ತುವ ಅಗತ್ಯವಿಲ್ಲ. ಫ್ರೀ ಡಿಶ್‌ನ ಸಂಕೇತವು ದೆಹಲಿಯ ತೋಡಾಪುರದ ಭೂಕೇಂದ್ರದಿಂದ ಉಪಗ್ರಹಕ್ಕೆ ಏರುತ್ತದೆ. ಅಲ್ಲಿ ಬಿರುಮಳೆ ಸುರಿಯುವಾಗ, ಹುಮನಾಬಾದಿನಲ್ಲಿ ಬಿಸಿಲಿದ್ದರೂ ಚಿತ್ರ ಒಡೆಯುವ ಸಾಧ್ಯತೆಯುಂಟು. ಉಪಗ್ರಹದಲ್ಲಿಯೇ ದೋಷ ತಲೆದೋರುವುದು ಅಪರೂಪವಾದರೂ ಅದಕ್ಕೂ ನಿದರ್ಶನವಿದೆ. 2010ರ ಜುಲೈನಲ್ಲಿ, ಆಗ 93.5 ಡಿಗ್ರಿಯಲ್ಲಿದ್ದ ಇನ್ಸಾಟ್–4ಬಿ ಉಪಗ್ರಹದ ವಿದ್ಯುತ್ ವ್ಯವಸ್ಥೆ ಕೆಟ್ಟು, ಅದರ 24 ಟ್ರಾನ್ಸ್‌ಪಾಂಡರ್‌ಗಳಲ್ಲಿ ಅರ್ಧದಷ್ಟನ್ನು ನಿಲ್ಲಿಸಬೇಕಾಯಿತು. ಸನ್ ಡೈರೆಕ್ಟ್ ಸೇವೆಯು 91.5 ಡಿಗ್ರಿಯ ಮೀಸ್ಯಾಟ್–3 ಉಪಗ್ರಹಕ್ಕೆ ಸ್ಥಳಾಂತರಗೊಂಡು, ಅದರ ಗ್ರಾಹಕರ ಡಿಶ್‌ಗಳನ್ನು ಎರಡು ಡಿಗ್ರಿ ಪಶ್ಚಿಮದ ಆ ಹೊಸ ಸ್ಥಾನಕ್ಕೆ ಹೊಂದಿಸಬೇಕಾಗಿ ಬಂತು.